ಸಾರಿಗೆ ಸಂಸ್ಥೆಯ ತಂತ್ರಾಂಶದ ಆಯ್ಕೆ ಘಟಕದ ಉಗ್ರಾಣದಿಂದ ಶುರುವಾಗಲಿ

ಮಾನ್ಯ ಸಂಪಾದಕರೇ,

ಸಾರ್ವಜನಿಕ ಸಾರಿಗೆ ಸಂಸ್ಥೆಯೊಂದು ಹೊಸ ಬಸ್ಸುಗಳನ್ನು ಕೊಂಡರೆ ಪತ್ರಿಕೆಗಳಲ್ಲಿ ಚಿತ್ರಸಹಿತ ಸುದ್ದಿಯಾಗುತ್ತದೆ, ಪ್ರಯಾಣ ದರ ಏರಿಸಿದರೆ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಅದೇ ಸಂಸ್ಥೆ ತನ್ನ ಲೆಕ್ಕಪತ್ರ, ಖರೀದಿ, ಉಗ್ರಾಣ, ವೇತನ ಮತ್ತು ವಾಹನ ನಿರ್ವಹಣೆಯನ್ನೆಲ್ಲ ಒಟ್ಟಾಗಿ ನೋಡಿಕೊಳ್ಳುವ ತಂತ್ರಾಂಶವನ್ನು ಕೊಳ್ಳಲು ಹೊರಟಾಗ ಮಾತ್ರ ಟೆಂಡರ್ ಪ್ರಕಟಣೆಯ ಸಣ್ಣ ಅಕ್ಷರಗಳಲ್ಲಿ ಬಿಟ್ಟರೆ ಬೇರೆಲ್ಲೂ ಅದರ ಸುಳಿವು ಸಿಗುವುದಿಲ್ಲ. ಕೆಟ್ಟ ಬಸ್ಸು ಒಂದು ಮಾರ್ಗದಲ್ಲಿ ನಿಂತು ಅಷ್ಟು ಜನರಿಗೆ ತೊಂದರೆ ಕೊಟ್ಟೀತು. ಕೆಟ್ಟ ತಂತ್ರಾಂಶ ಎಲ್ಲ ಘಟಕಗಳಲ್ಲೂ, ಅಂದರೆ ಬಸ್ ಡಿಪೋಗಳಲ್ಲೂ, ಏಕಕಾಲಕ್ಕೆ ಕೆಲಸ ಕೆಡಿಸುತ್ತದೆ, ಮತ್ತು ಒಮ್ಮೆ ಕೊಂಡ ಮೇಲೆ ಅದನ್ನು ಹದಿನೈದು ಇಪ್ಪತ್ತು ವರ್ಷ ಹೊತ್ತುಕೊಂಡೇ ಸಾಗಬೇಕಾಗುತ್ತದೆ. ಇಂಥದೊಂದು ಸಂಸ್ಥೆಯ ಉಗ್ರಾಣ ಮತ್ತು ಲೆಕ್ಕಪತ್ರ ಶಾಖೆಗಳಲ್ಲಿ ಮೂರು ದಶಕ ದುಡಿದು, ಅಲ್ಲಿ ಎರಡು ಬಾರಿ ತಂತ್ರಾಂಶ ಬದಲಾದದ್ದನ್ನು ಕಣ್ಣಾರೆ ಕಂಡು ನಿವೃತ್ತನಾದವನು ನಾನು. ಆ ಅನುಭವದ ಬಲದ ಮೇಲೆ ಕೆಲವು ಮಾತುಗಳನ್ನು ತಮ್ಮ ಪತ್ರಿಕೆಯ ಮೂಲಕ ಹೇಳಲು ಇಚ್ಛಿಸುತ್ತೇನೆ.

ಈ ಮಾತನ್ನು ಈಗಲೇ ಆಡಬೇಕಾದ ಕಾರಣವಿದೆ. ಜಗತ್ತಿನ ಅನೇಕ ದೊಡ್ಡ ಸಂಸ್ಥೆಗಳು ಎರಡು ಮೂರು ದಶಕಗಳ ಹಿಂದೆ ಅಳವಡಿಸಿಕೊಂಡ ವ್ಯವಸ್ಥೆಗಳು ಈಗ ಮುಪ್ಪಾಗಿವೆ. ಇಂಥ ತಂತ್ರಾಂಶಗಳನ್ನು ತಯಾರಿಸುವ ಜರ್ಮನಿಯ ಸ್ಯಾಪ್ ಕಂಪನಿ ತನ್ನ ಹಳೆಯ ಇಸಿಸಿ ಆವೃತ್ತಿಗೆ ಕೊಡುವ ಸಾಮಾನ್ಯ ಬೆಂಬಲವನ್ನು 2027ರ ಕೊನೆಗೆ ನಿಲ್ಲಿಸುವುದಾಗಿಯೂ, ಹೆಚ್ಚುವರಿ ಹಣ ತೆತ್ತವರಿಗೆ 2030ರವರೆಗೆ ಮುಂದುವರಿಸುವುದಾಗಿಯೂ 2020ರಲ್ಲೇ ಪ್ರಕಟಿಸಿದೆ. ಇನ್ನು ಕೆಲವೆಡೆ ಸಂಸ್ಥೆಯ ಒಳಗಿನವರೇ ಬರೆದ ಪ್ರೋಗ್ರಾಮುಗಳಿವೆ. ಬರೆದವರು ನಿವೃತ್ತರಾಗಿದ್ದಾರೆ, ಅದರ ಒಳಗೇನಿದೆಯೆಂದು ಹೇಳಬಲ್ಲವರು ಉಳಿದಿಲ್ಲ. ಜೊತೆಗೆ ವಿದ್ಯುತ್ ಬಸ್ಸುಗಳು ಬಂದಿವೆ, ಟಿಕೆಟಿನ ಹಣ ಮೊಬೈಲಿನಿಂದ ಬರುತ್ತಿದೆ. ಹೀಗಾಗಿ ಬದಲಾವಣೆ ಬೇಕೇ ಬೇಡವೇ ಎಂಬ ಪ್ರಶ್ನೆ ಈಗ ಹಳತಾಯಿತು. ಗಡುವು ಹತ್ತಿರವಾಗುತ್ತಿದೆ ಎಂಬ ಆತುರದಲ್ಲಿ ಆಯ್ಕೆಯ ಹಂತವನ್ನು ಮೊಟಕುಗೊಳಿಸುವ ಸಂಭವವೇ ನನ್ನನ್ನು ಕಾಡುತ್ತಿರುವುದು.

ಆಯ್ಕೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಟೆಂಡರ್ ಪೆಟ್ಟಿಗೆ, ಮೌಲ್ಯಮಾಪನ ಸಮಿತಿ, ಅಂಕಪಟ್ಟಿ. ನಿಜವಾಗಿ ನೋಡಿದರೆ ಆಯ್ಕೆ ಅದಕ್ಕೂ ಬಹಳ ಮೊದಲೇ, ಸಂಸ್ಥೆಗೆ ಏನೇನು ಬೇಕೆಂದು ಬರೆದಿಡುವ ಅಗತ್ಯಗಳ ಪಟ್ಟಿಯಲ್ಲೇ ಆಗಿಹೋಗಿರುತ್ತದೆ. ಆ ಪಟ್ಟಿಯನ್ನು ತಯಾರಿಸುವ ರೀತಿಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಬೇರಾವುದೋ ಸಂಸ್ಥೆಯ ಹಳೆಯ ಟೆಂಡರ್ ದಾಖಲೆಯನ್ನು ತರಿಸಿಕೊಂಡು, ಹೆಸರು ಬದಲಿಸಿ, ಸಲಹೆಗಾರರು ಸೂಚಿಸಿದ ನಾಲ್ಕು ಸಾಲು ಸೇರಿಸಿದರೆ ಸಾವಿರ ಸಾಲುಗಳ ಪಟ್ಟಿ ಸಿದ್ಧವಾಗುತ್ತದೆ. 'ಖರೀದಿ ಆದೇಶ ಸೃಷ್ಟಿಸುವ ಸೌಲಭ್ಯ ಇರಬೇಕು', 'ರಜೆಯ ಲೆಕ್ಕ ಇಡುವ ಸೌಲಭ್ಯ ಇರಬೇಕು' ಎಂಬಂಥ ಸಾಲುಗಳ ಮುಂದೆ 'ಇದೆ' ಅಥವಾ 'ಇಲ್ಲ' ಎಂದು ಬರೆಯಲು ಎರಡು ಕಲಂಗಳಿರುತ್ತವೆ. ಬಿಡ್ ಸಲ್ಲಿಸುವ ಪ್ರತಿಯೊಬ್ಬರೂ ಎಲ್ಲದರ ಮುಂದೆಯೂ 'ಇದೆ' ಎಂದೇ ಬರೆಯುತ್ತಾರೆ, ಮತ್ತು ಅದು ಸುಳ್ಳೂ ಆಗಿರುವುದಿಲ್ಲ, ಏಕೆಂದರೆ ಖರೀದಿ ಆದೇಶವನ್ನೇ ಸೃಷ್ಟಿಸಲಾಗದ ತಂತ್ರಾಂಶ ಇಂದು ಮಾರುಕಟ್ಟೆಯಲ್ಲಿ ಎಲ್ಲಿದೆ? ಕೊನೆಗೆ ಎಲ್ಲರಿಗೂ ಹೆಚ್ಚು ಕಡಿಮೆ ಒಂದೇ ಅಂಕ ಬಂದು, ನಿರ್ಧಾರ ದರದ ಲಕೋಟೆಯ ಮೇಲೆ ಹೋಗಿ ನಿಲ್ಲುತ್ತದೆ.

ಆ ಪಟ್ಟಿಯಲ್ಲಿ ಯಾವುದು ಬಿಟ್ಟುಹೋಗುತ್ತದೆ ಎಂಬುದಕ್ಕೆ ನಾನು ಕಂಡದ್ದೊಂದನ್ನು ಹೇಳುತ್ತೇನೆ. ನಾನು ಕೆಲಸ ಮಾಡುತ್ತಿದ್ದ ಘಟಕದಲ್ಲಿ ಬೆಳಗಿನ ಮೊದಲ ಬಸ್ಸು ಐದು ಗಂಟೆಗೆ ಹೊರಡಬೇಕಿತ್ತು. ಒಂದು ದಿನ ನಾಲ್ಕೂವರೆಗೆ ಮೆಕ್ಯಾನಿಕ್ ಒಬ್ಬರು ತುಂಡಾದ ಫ್ಯಾನ್ ಬೆಲ್ಟನ್ನು ಕೈಯಲ್ಲಿ ಹಿಡಿದು ಉಗ್ರಾಣದ ಕಿಟಕಿಗೆ ಬಂದರು. ಹೊಸದಾಗಿ ಬಂದಿದ್ದ ತಂತ್ರಾಂಶದ ಪ್ರಕಾರ ಬೆಲ್ಟ್ ಕೊಡಬೇಕಾದರೆ ಮೊದಲು ಆ ಬಸ್ಸಿನ ಹೆಸರಿನಲ್ಲಿ ಕೆಲಸದ ಆದೇಶ ತೆರೆಯಬೇಕು, ಅದಕ್ಕೆ ಸಹಾಯಕ ಎಂಜಿನಿಯರ್ ಒಪ್ಪಿಗೆ ಕೊಡಬೇಕು, ಆಮೇಲೆ ಬೇಡಿಕೆ ಚೀಟಿ ಹುಟ್ಟಬೇಕು. ಸಹಾಯಕ ಎಂಜಿನಿಯರ್ ಬರುವುದು ಒಂಬತ್ತಕ್ಕೆ. ರಾತ್ರಿ ಪಾಳಿಯ ಉಗ್ರಾಣಪಾಲಕರು ಬೆಲ್ಟನ್ನು ಕೊಟ್ಟು, ಮೇಜಿನ ಖಾನೆಯಿಂದ ಒಂದು ನೋಟ್‌ಬುಕ್ ತೆಗೆದು, ಬಸ್ಸಿನ ಸಂಖ್ಯೆ, ಬಿಡಿಭಾಗ, ಸಮಯ ಬರೆದು ಮೆಕ್ಯಾನಿಕ್ಕರ ಸಹಿ ಹಾಕಿಸಿಕೊಂಡರು. ಬಸ್ಸು ಐದಕ್ಕೆ ಹೊರಟಿತು. ಅವರು ಮಾಡಿದ್ದು ಸರಿಯಾದ ಕೆಲಸ. ಆದರೆ ಆ ನೋಟ್‌ಬುಕ್ಕಿನ ನಮೂದುಗಳನ್ನು ಮಾರನೆಯ ದಿನ ಕಂಪ್ಯೂಟರಿಗೆ ಏರಿಸಲು ಬಿಡುವಾಗಲಿಲ್ಲ, ವಾರಕ್ಕೊಮ್ಮೆ ಏರಿಸುವುದು ತಿಂಗಳಿಗೊಮ್ಮೆ ಆಯಿತು, ತೆರೆಯ ಮೇಲೆ ಕಾಣುವ ದಾಸ್ತಾನು ಒಂದು, ಕಪಾಟಿನಲ್ಲಿರುವುದು ಇನ್ನೊಂದು ಎಂಬ ಸ್ಥಿತಿ ಬಂತು. ಇದ್ದ ಬಿಡಿಭಾಗವನ್ನೇ ಮತ್ತೆ ಕೊಂಡೆವು, ಮುಗಿದದ್ದನ್ನು ಇದೆಯೆಂದು ನಂಬಿ ಬಸ್ಸು ನಿಲ್ಲಿಸಿಕೊಂಡೆವು. ಆ ನೋಟ್‌ಬುಕ್ ನಾನು ನಿವೃತ್ತನಾಗುವವರೆಗೂ ಅದೇ ಖಾನೆಯಲ್ಲಿತ್ತು. ಅಗತ್ಯಗಳ ಪಟ್ಟಿ ಬರೆಯುವವರು ಒಂದೇ ಒಂದು ರಾತ್ರಿ ಆ ಕಿಟಕಿಯ ಬಳಿ ಕುಳಿತಿದ್ದರೆ, 'ಮೇಲಧಿಕಾರಿ ಇಲ್ಲದ ವೇಳೆಯಲ್ಲಿ ಬಿಡಿಭಾಗವನ್ನು ಮೊದಲು ಕೊಟ್ಟು, ಒಪ್ಪಿಗೆಯನ್ನು ಪಾಳಿ ಮುಗಿದ ಮೇಲೆ ಪಡೆಯುವ ವ್ಯವಸ್ಥೆ ಹೇಗಿದೆ, ತೋರಿಸಿ' ಎಂಬ ಒಂದು ಸಾಲು ಅದರಲ್ಲಿ ಸೇರುತ್ತಿತ್ತು.

ಸಾರಿಗೆ ಸಂಸ್ಥೆಯ ಕೆಲಸ ಉಳಿದ ಕಚೇರಿಗಳ ಕೆಲಸದಂತಿಲ್ಲ ಎಂಬುದು ವೇತನದ ಲೆಕ್ಕದಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. ರಾತ್ರಿ ಹನ್ನೊಂದೂ ಐವತ್ತಕ್ಕೆ ಹೊರಟ ಬಸ್ಸು ಒಂದೂ ಇಪ್ಪತ್ತಕ್ಕೆ ಘಟಕಕ್ಕೆ ಮರಳಿದರೆ ಆ ಇಡೀ ಪ್ರಯಾಣ ಹಿಂದಿನ ದಿನದ ಸೇವೆಗೇ ಸೇರುತ್ತದೆ. ಸಾರಿಗೆಯವರ ದಿನ ಮಧ್ಯರಾತ್ರಿಗೆ ಮುಗಿಯುವುದಿಲ್ಲ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಟ್ರೈಮೆಟ್ ಸಂಸ್ಥೆ ಮತ್ತು ಗೂಗಲ್ 2005ರಲ್ಲಿ ಸೇರಿ ರೂಪಿಸಿದ, ಈಗ ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಜಿಟಿಎಫ್‌ಎಸ್ ಎಂಬ ವೇಳಾಪಟ್ಟಿಯ ಮಾದರಿಯಲ್ಲಿ ರಾತ್ರಿ ಒಂದೂ ಇಪ್ಪತ್ತನ್ನು 25:20 ಎಂದು ಬರೆಯುವ ಪದ್ಧತಿಯಿರುವುದು ಈ ಕಾರಣಕ್ಕೇ. ಕಾರ್ಖಾನೆಗಳಿಗಾಗಿ, ಮಳಿಗೆಗಳಿಗಾಗಿ ಹುಟ್ಟಿದ ವೇತನ ತಂತ್ರಾಂಶಕ್ಕೆ ಈ ಇಪ್ಪತ್ತೈದನೆಯ ಗಂಟೆ ಗೊತ್ತಿರುವುದಿಲ್ಲ. ಅದು ಚಾಲಕರ ಪಾಳಿಯನ್ನು ಹನ್ನೆರಡು ಗಂಟೆಗೆ ಕತ್ತರಿಸಿ ಎರಡು ದಿನಗಳಿಗೆ ಹಂಚುತ್ತದೆ. ಆಗ ಹೆಚ್ಚುವರಿ ಅವಧಿಯ ಭತ್ಯೆ ಕಾಣೆಯಾಗುತ್ತದೆ, ಮರುದಿನ ವಾರದ ರಜೆಯಾಗಿದ್ದರೆ ರಜೆಯ ದಿನ ದುಡಿದಂತೆ ದಾಖಲಾಗುತ್ತದೆ. ಬೆಳಗಿನ ದಟ್ಟಣೆಗೆ ನಾಲ್ಕು ಗಂಟೆ, ಸಂಜೆಯ ದಟ್ಟಣೆಗೆ ನಾಲ್ಕು ಗಂಟೆ, ನಡುವೆ ಬಿಡುವು ಇರುವ ಒಡಕು ಪಾಳಿಯದು ಇನ್ನೊಂದು ಕಥೆ. ನಿರ್ವಾಹಕರು ಬಾರದೆ ಬದಲಿ ನಿರ್ವಾಹಕರನ್ನು ಮಾರ್ಗದ ನಡುವೆ ಹತ್ತಿಸಿದರೆ ಅದು ಮತ್ತೊಂದು.

ಪಾಳಿಯ ದುಡಿಮೆಯ ವೇತನವನ್ನು ಹಗುರವಾಗಿ ಎಣಿಸಿದವರು ತೆತ್ತ ಬೆಲೆ ಸಾರ್ವಜನಿಕ ದಾಖಲೆಯಲ್ಲಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಆರೋಗ್ಯ ಇಲಾಖೆ 2010ರ ಮಾರ್ಚ್‌ನಲ್ಲಿ ಹೊಸ ವೇತನ ವ್ಯವಸ್ಥೆಗೆ ಬದಲಾದಾಗ ಹಗಲು ರಾತ್ರಿಯ ಪಾಳಿಗಳಲ್ಲಿ ದುಡಿಯುವ ದಾದಿಯರೂ ಸೇರಿದಂತೆ ಸಾವಿರಾರು ನೌಕರರಿಗೆ ಸಂಬಳ ಕಡಿಮೆ ಬಂತು, ಹೆಚ್ಚು ಬಂತು, ಇಲ್ಲವೇ ಬರಲೇ ಇಲ್ಲ. ಅದನ್ನು ಸರಿಪಡಿಸಿ ನಡೆಸುವ ಖರ್ಚನ್ನು ಆಮೇಲೆ 120 ಕೋಟಿ ಆಸ್ಟ್ರೇಲಿಯನ್ ಡಾಲರುಗಳೆಂದು ಅಂದಾಜಿಸಲಾಯಿತು. 2013ರಲ್ಲಿ ವಿಚಾರಣಾ ಆಯೋಗವೇ ವರದಿ ಕೊಡಬೇಕಾಯಿತು. ಕೆನಡಾದ ಕೇಂದ್ರ ಸರ್ಕಾರ 2016ರ ಫೆಬ್ರುವರಿಯಲ್ಲಿ ಆರಂಭಿಸಿದ ಫೀನಿಕ್ಸ್ ವೇತನ ವ್ಯವಸ್ಥೆಯ ಕಥೆ ಇನ್ನೂ ಕರುಣಾಜನಕ. ಖರ್ಚು ಮಿತಿಯೊಳಗೆ ಇರಬೇಕೆಂದು ಕೆಲವು ಮುಖ್ಯ ಸೌಲಭ್ಯಗಳನ್ನು ಕೈಬಿಟ್ಟರು, ಪ್ರಾಯೋಗಿಕ ಓಟವನ್ನು ರದ್ದು ಮಾಡಿದರು, ವೇತನದ ಲೆಕ್ಕ ಬಲ್ಲ ಅನುಭವಿ ಸಿಬ್ಬಂದಿಯನ್ನು ಮೊದಲೇ ಕಡಿಮೆ ಮಾಡಿಕೊಂಡರು. ಆ ದೇಶದ ಮಹಾಲೇಖಪಾಲರು 2018ರ ವರದಿಯಲ್ಲಿ ಅದನ್ನು ಅರ್ಥವೇ ಆಗದಂಥ ವೈಫಲ್ಯವೆಂದು ಕರೆದರು. ಹಣದ ಮೊತ್ತಕ್ಕಿಂತ ನನ್ನನ್ನು ಹೆಚ್ಚು ಕಲಕಿದ್ದು ತಿಂಗಳ ಕೊನೆಗೆ ಕೈಗೆ ಬರುವ ಸಂಬಳವನ್ನೇ ನಂಬಿ ಸಾಲದ ಕಂತು, ಮಕ್ಕಳ ಶುಲ್ಕ ಕಟ್ಟುವ ಮನೆಗಳ ಪಾಡು. ಚಾಲಕ, ನಿರ್ವಾಹಕರ ಮನೆಗಳೂ ಅಂಥವೇ.

ಇದರಿಂದ ನಾನು ಕಲಿತದ್ದು ಇಷ್ಟು: ತಂತ್ರಾಂಶ ಮಾರುವವರು ತಮಗೆ ಬೇಕಾದ್ದನ್ನು ತೋರಿಸುವ ಪ್ರಾತ್ಯಕ್ಷಿಕೆಗೆ ಅಂಕ ಕೊಡಬಾರದು. ನಮ್ಮ ಕೆಲಸದ ಅತ್ಯಂತ ಕಗ್ಗಂಟಾದ ಇಪ್ಪತ್ತು ಮೂವತ್ತು ಪ್ರಸಂಗಗಳನ್ನು, ನಿಜವಾದ ಕಡತಗಳಿಂದ ಹೆಸರು ಅಳಿಸಿ ತೆಗೆದು, ಅಂತಿಮ ಸುತ್ತಿಗೆ ಬಂದ ಎಲ್ಲರಿಗೂ ಒಂದೇ ದಿನ ಕೊಟ್ಟು, 'ಇದನ್ನು ಮೊದಲಿಂದ ಕೊನೆಯವರೆಗೆ ನಿಮ್ಮ ತಂತ್ರಾಂಶದಲ್ಲಿ ಮಾಡಿ ತೋರಿಸಿ' ಎನ್ನಬೇಕು. ಆ ಮಧ್ಯರಾತ್ರಿ ದಾಟಿದ ಪಾಳಿ ಅದರಲ್ಲಿರಲಿ, ನಾಲ್ಕೂವರೆಯ ಫ್ಯಾನ್ ಬೆಲ್ಟ್ ಇರಲಿ, ಹಿಂದಿನ ತಾರೀಖಿನಿಂದ ಜಾರಿಗೆ ಬಂದ ವೇತನ ಪರಿಷ್ಕರಣೆಯ ಬಾಕಿಯ ಲೆಕ್ಕ ತಪ್ಪದೆ ಇರಲಿ. ಕೀಲಿಮಣೆಯ ಮುಂದೆ ಕಂಪನಿಯ ನುರಿತ ಪ್ರತಿನಿಧಿ ಕೂರುವುದಕ್ಕಿಂತ, ಅರ್ಧ ದಿನದ ತರಬೇತಿ ಪಡೆದ ನಮ್ಮ ಘಟಕದ ಗುಮಾಸ್ತರು ಕೂತರೆ ಸತ್ಯ ಬೇಗ ಹೊರಬೀಳುತ್ತದೆ. ಒಂದು ಟೈರಿನ ನಮೂದಿಗೆ ಹನ್ನೊಂದು ಪರದೆ ದಾಟಬೇಕೆಂದರೆ ಅದು ಅಂಕಪಟ್ಟಿಯಲ್ಲಿ ಕಾಣುವುದಿಲ್ಲ, ಗುಮಾಸ್ತರ ಮುಖದಲ್ಲಿ ಕಾಣುತ್ತದೆ.

ಟೈರಿನ ಮಾತು ಬಂದದ್ದರಿಂದ ನಿರ್ವಹಣೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಾಮಾನ್ಯ ಉಗ್ರಾಣದಲ್ಲಿ ವಸ್ತು ಒಳಗೆ ಬರುತ್ತದೆ, ಹೊರಗೆ ಹೋಗುತ್ತದೆ, ಅಲ್ಲಿಗೆ ಲೆಕ್ಕ ಮುಗಿಯಿತು. ಬಸ್ಸಿನ ಎಂಜಿನ್, ಗೇರ್‌ಬಾಕ್ಸ್, ಟೈರುಗಳು ಹಾಗಲ್ಲ. ಒಂದು ಬಸ್ಸಿನಿಂದ ಬಿಚ್ಚಿದ ಗೇರ್‌ಬಾಕ್ಸ್ ಕಾರ್ಯಾಗಾರಕ್ಕೆ ಹೋಗಿ, ದುರಸ್ತಿಯಾಗಿ, ಉಗ್ರಾಣಕ್ಕೆ ಬಂದು, ಆರು ತಿಂಗಳ ಬಳಿಕ ಮತ್ತೊಂದು ಬಸ್ಸಿಗೆ ಜೋಡಣೆಯಾಗುತ್ತದೆ. ಅದು ಯಾವ ಯಾವ ಬಸ್ಸಿನಲ್ಲಿ ಎಷ್ಟು ಕಿಲೋಮೀಟರ್ ಓಡಿತು, ಎಷ್ಟು ಬಾರಿ ಬಿಚ್ಚಲಾಯಿತು, ದುರಸ್ತಿಗೆ ಒಟ್ಟು ಎಷ್ಟು ಖರ್ಚಾಯಿತು ಎಂಬ ಚರಿತ್ರೆ ಅದರ ಸಂಖ್ಯೆಯ ಜೊತೆಗೇ ಪ್ರಯಾಣಿಸಬೇಕು. ರೀಟ್ರೇಡ್ ಆದ, ಅಂದರೆ ಸವೆದ ಮೇಲೆ ಹೊಸ ರಬ್ಬರ್ ಪದರ ಹಾಕಿಸಿದ ಟೈರಿಗೆ ಮೊದಲ ಜನ್ಮದ ಓಟ ಬೇರೆ, ಎರಡನೆಯ ಜನ್ಮದ ಓಟ ಬೇರೆ. ಈ ಚರಿತ್ರೆ ಕೈತಪ್ಪಿದರೆ ಖಾತರಿ ಅವಧಿಯೊಳಗೆ ಕೆಟ್ಟ ಭಾಗಕ್ಕೂ ನಾವೇ ಹಣ ತೆತ್ತು ದುರಸ್ತಿ ಮಾಡಿಸುತ್ತೇವೆ, ತಯಾರಕರಿಂದ ಪಡೆಯಬೇಕಾದ ಹಣವನ್ನು ಕೇಳುವುದಕ್ಕೆ ನಮ್ಮ ಕೈಯಲ್ಲಿ ದಾಖಲೆಯೇ ಇರುವುದಿಲ್ಲ. ವಿದ್ಯುತ್ ಬಸ್ಸಿನ ಬ್ಯಾಟರಿಗೆ ಬರುವ ಹೊತ್ತಿಗೆ ಇದು ಸಣ್ಣ ಮಾತಾಗಿ ಉಳಿಯುವುದಿಲ್ಲ. ಬಸ್ಸಿನ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದೇ. ಅದರ ಖಾತರಿ ಕೇವಲ ವರ್ಷಗಳ ಮೇಲೆ ನಿಲ್ಲದೆ, ಮೂಲ ಸಾಮರ್ಥ್ಯದಲ್ಲಿ ಎಷ್ಟು ಪಾಲು ಉಳಿದಿದೆ ಎಂಬುದರ ಮೇಲೂ ನಿಂತಿರುತ್ತದೆ. ಚಾರ್ಜಿಂಗ್ ವಿವರಗಳನ್ನು ವರ್ಷಗಟ್ಟಲೆ ಜೋಪಾನವಾಗಿ ಇಡದ ಸಂಸ್ಥೆ ಎಂಟನೆಯ ವರ್ಷದಲ್ಲಿ ಯಾವ ಮುಖ ಇಟ್ಟುಕೊಂಡು ಖಾತರಿ ಕೇಳಬೇಕು?

ಹೊಸ ತಂತ್ರಾಂಶಕ್ಕೆ ಹಳೆಯ ಕಸವನ್ನು ಸುರಿಯುವುದು ಇನ್ನೊಂದು ದೊಡ್ಡ ತಪ್ಪು. ನಮ್ಮಲ್ಲಿ ಒಂದೇ ಬ್ರೇಕ್ ಲೈನಿಂಗ್ 'ಬ್ರೇಕ್ ಲೈನಿಂಗ್', 'ಲೈನಿಂಗ್ ಬ್ರೇಕ್', 'ಲೈನರ್ ಬ್ರೇಕ್ ಹಿಂದಿನದು' ಮತ್ತು ತಯಾರಕರ ಸಂಖ್ಯೆ ಮಾತ್ರವಿರುವ ನಾಲ್ಕನೆಯ ಹೆಸರಿನಲ್ಲಿ ನಾಲ್ಕು ಬೇರೆ ವಸ್ತುಗಳಾಗಿ ದಾಖಲಾಗಿತ್ತು. ಒಂದು ಘಟಕದಲ್ಲಿ ಮೊದಲನೆಯ ಹೆಸರಿನ ದಾಸ್ತಾನು ಧೂಳು ಹಿಡಿಯುತ್ತಿದ್ದಾಗ ಪಕ್ಕದ ಘಟಕದವರು ಮೂರನೆಯ ಹೆಸರಿನಲ್ಲಿ ತುರ್ತು ಖರೀದಿ ಮಾಡುತ್ತಿದ್ದರು. ಇದನ್ನು ಯಾವ ತಂತ್ರಾಂಶವೂ ತಾನಾಗಿ ಸರಿಪಡಿಸಲಾರದು. ಕಪಾಟಿನ ಮುಂದೆ ನಿಂತು, ಭಾಗವನ್ನು ಕೈಗೆತ್ತಿಕೊಂಡು, 'ಇದೂ ಅದೂ ಒಂದೇ' ಎಂದು ಹೇಳಬಲ್ಲ ಹಳೆಯ ಉಗ್ರಾಣಪಾಲಕರಿಂದ ಮಾತ್ರ ಸಾಧ್ಯ. ಟೆಂಡರ್ ಕರೆಯುವುದಕ್ಕೂ ಒಂದು ವರ್ಷ ಮೊದಲು ಈ ಕೆಲಸ ಆರಂಭವಾದರೆ ಆ ಅನುಭವಿಗಳು ನಿವೃತ್ತರಾಗುವ ಮುನ್ನ ಮುಗಿದೀತು.

ಎಲ್ಲವನ್ನೂ ಒಂದೇ ತಂತ್ರಾಂಶದಿಂದ ಮಾಡಿಸಬೇಕೇ, ಪ್ರತಿ ಕೆಲಸಕ್ಕೂ ಅದರಲ್ಲಿ ಪಳಗಿದ ಬೇರೆ ಬೇರೆ ತಂತ್ರಾಂಶ ಇರಬೇಕೇ ಎಂಬುದು ಬಹುಕಾಲದ ವಾದ. ನನ್ನ ಅಭಿಪ್ರಾಯದಲ್ಲಿ ಲೆಕ್ಕಪತ್ರ, ಖರೀದಿ, ಉಗ್ರಾಣ, ವೇತನ ಇವು ಒಂದೇ ಮನೆಯಲ್ಲಿರುವುದು ಲೇಸು, ಏಕೆಂದರೆ ಖರೀದಿಯ ಬಿಲ್ಲಾಗಲಿ ಸಂಬಳದ ಬಿಲ್ಲಾಗಲಿ ಕೊನೆಗೆ ಲೆಕ್ಕಪತ್ರಕ್ಕೇ ಬಂದು ಸೇರುತ್ತದೆ. ವೇಳಾಪಟ್ಟಿ ರಚನೆ, ಬಸ್ಸು ಮತ್ತು ಸಿಬ್ಬಂದಿಯ ಹಂಚಿಕೆ ಹಾಗಿಲ್ಲ. ನೂರಾರು ಬಸ್ಸುಗಳನ್ನು ಅತಿ ಕಡಿಮೆ ಖಾಲಿ ಓಟದಲ್ಲಿ ಹೊಂದಿಸುವುದು ಗಣಿತದ ಕಠಿಣ ಸಮಸ್ಯೆ, ಅದಕ್ಕೆಂದೇ ಹಾಸ್ಟಸ್‌ನಂಥ ತಂತ್ರಾಂಶಗಳು ದಶಕಗಳಿಂದ ಬೆಳೆದುಬಂದಿವೆ. ಸಾಮಾನ್ಯ ವ್ಯವಹಾರ ತಂತ್ರಾಂಶದವರು 'ಅದನ್ನೂ ನಾವೇ ಮಾಡಿಕೊಡುತ್ತೇವೆ' ಎಂದರೆ ಸಂಶಯಿಸುವುದು ಕ್ಷೇಮ. ಆದರೆ ಬೇರೆ ಬೇರೆ ಇಟ್ಟರೆ ಅವುಗಳ ನಡುವಿನ ಕೊಂಡಿ ಯಾರ ಹೊಣೆ ಎಂಬುದನ್ನು ಒಪ್ಪಂದದಲ್ಲೇ ಬರೆಯಬೇಕು. ಇಲ್ಲವಾದರೆ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಗಿ, ಪಾಳಿ ಹಂಚಿಕೆಯ ತಂತ್ರಾಂಶದಲ್ಲಿ ಬದಲಾದ ಚಾಲಕರ ಹೆಸರು ವೇತನಕ್ಕೆ ತಲುಪದೆ, ಎರಡು ಕಂಪನಿಗಳ ಪ್ರತಿನಿಧಿಗಳು ಪರಸ್ಪರ ಬೆರಳು ತೋರಿಸುವುದನ್ನು ನಾವು ಸಭೆಗಳಲ್ಲಿ ಕುಳಿತು ನೋಡಬೇಕಾಗುತ್ತದೆ. ಟಿಕೆಟ್ ಆದಾಯದ ವಿಷಯದಲ್ಲೂ ಇದೇ ಮಾತು: ನಿರ್ವಾಹಕರು ಕಟ್ಟಿದ ನಗದು ಅದೇ ರಾತ್ರಿ ಕೈಸೇರುತ್ತದೆ, ಮೊಬೈಲಿನಿಂದ ಬಂದ ಹಣ ಒಂದೆರಡು ದಿನ ತಡವಾಗಿ ಬ್ಯಾಂಕಿಗೆ ಬರುತ್ತದೆ, ತಿಂಗಳ ಪಾಸಿನ ಹಣ ಮುಂಗಡವಾಗಿ ಬಂದರೂ ಆದಾಯವಾಗುವುದು ದಿನ ಕಳೆದಂತೆ. ಮೂರನ್ನೂ ತಾಳೆ ನೋಡುವ ಬಗೆಯನ್ನು ಮೊದಲೇ ಕೇಳಿ ತಿಳಿಯಬೇಕು.

ಹಾಗಾದರೆ ನಮ್ಮ ಪದ್ಧತಿಗೆ ತಕ್ಕಂತೆ ತಂತ್ರಾಂಶವನ್ನೇ ಮಾರ್ಪಡಿಸಿಕೊಂಡರಾಯಿತಲ್ಲ ಎಂದು ಕೇಳುವವರಿದ್ದಾರೆ. ಇಲ್ಲಿ ನನ್ನ ಮಾತು ಮೇಲಿನದಕ್ಕೆ ವಿರುದ್ಧವೆಂದು ಕಾಣಬಹುದಾದ್ದರಿಂದ ತುಸು ಎಚ್ಚರದಿಂದ ಹೇಳುತ್ತೇನೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರಸಭೆ 1999ರಿಂದ ಬಳಸುತ್ತಿದ್ದ ಸ್ಯಾಪ್ ವ್ಯವಸ್ಥೆಯನ್ನು ಬಿಟ್ಟು 2022ರ ಏಪ್ರಿಲ್‌ನಲ್ಲಿ ಒರಾಕಲ್ ಎಂಬ ಇನ್ನೊಂದು ಕಂಪನಿಯ ತಂತ್ರಾಂಶಕ್ಕೆ ಬದಲಾಯಿತು. ತನ್ನ ಹಳೆಯ ಪದ್ಧತಿಗಳನ್ನು ಉಳಿಸಿಕೊಳ್ಳಲು ಅದು ಹೊಸ ತಂತ್ರಾಂಶವನ್ನು ಮಾರ್ಪಡಿಸಿತ್ತು. ಬ್ಯಾಂಕಿಗೆ ಬಂದ ಹಣವನ್ನು ಲೆಕ್ಕದೊಂದಿಗೆ ತಾಳೆ ಮಾಡುವ ಆ ಮಾರ್ಪಾಡು ಕೆಲಸ ಮಾಡಲಿಲ್ಲ, ವಾರ್ಷಿಕ ಲೆಕ್ಕಪತ್ರಗಳನ್ನು ಸಕಾಲಕ್ಕೆ ಮುಗಿಸಲಾಗಲಿಲ್ಲ. ಆರಂಭದಲ್ಲಿ ಸುಮಾರು 2 ಕೋಟಿ ಪೌಂಡ್ ಎಂದಿದ್ದ ವೆಚ್ಚದ ಅಂದಾಜು 10 ಕೋಟಿ ದಾಟಿತು. ಕೊನೆಗೆ ಮಾರ್ಪಾಡುಗಳನ್ನು ಕೈಬಿಟ್ಟು, ತಂತ್ರಾಂಶವನ್ನು ಇದ್ದ ರೂಪದಲ್ಲೇ ಮತ್ತೆ ಅಳವಡಿಸುವ ನಿರ್ಧಾರಕ್ಕೆ ಬರಬೇಕಾಯಿತು. ಅಂತರ್ಜಾಲದ ಮೂಲಕ ಒದಗಿಸುವ ಇಂದಿನ ತಂತ್ರಾಂಶಗಳು ವರ್ಷಕ್ಕೆ ಹಲವು ಬಾರಿ ತಾವಾಗಿಯೇ ನವೀಕರಣಗೊಳ್ಳುತ್ತವೆ. ನಾವು ಹೊಲಿಸಿಕೊಂಡ ತೇಪೆಗಳನ್ನು ಪ್ರತಿ ಬಾರಿಯೂ ಪರೀಕ್ಷಿಸಬೇಕು.

ಆದ್ದರಿಂದ ನಮ್ಮ ಪದ್ಧತಿಗಳನ್ನು ಎರಡು ಗುಂಪಾಗಿ ಬೇರ್ಪಡಿಸುವ ಧೈರ್ಯ ಬೇಕು. ಒಂದು ಖರೀದಿ ಕಡತಕ್ಕೆ ಏಳು ಸಹಿ ಬೇಕೆಂಬುದು ಯಾವ ಕಾಯ್ದೆಯಲ್ಲೂ ಇಲ್ಲದಿದ್ದರೆ, ಎಂದೋ ಯಾರೋ ಮಾಡಿದ ರೂಢಿಯಾಗಿದ್ದರೆ, ತಂತ್ರಾಂಶ ಮೂರು ಸಹಿಯಲ್ಲಿ ಮುಗಿಸುವುದನ್ನು ಒಪ್ಪಿಕೊಂಡು ರೂಢಿಯನ್ನು ಬಿಡೋಣ. ಚಾಲಕರ ವಿಶ್ರಾಂತಿಯ ಅವಧಿ, ಕಾರ್ಮಿಕ ಸಂಘಟನೆಯೊಂದಿಗೆ ಆದ ಒಪ್ಪಂದದ ಭತ್ಯೆ, ಮಧ್ಯರಾತ್ರಿ ದಾಟಿದ ಸೇವಾ ದಿನ, ಇವು ರೂಢಿಗಳಲ್ಲ. ಸಾರಿಗೆಯ ಸ್ವಭಾವ ಮತ್ತು ಕಾನೂನಿನಿಂದ ಬಂದವು. ಇವನ್ನು ಮಾರ್ಪಾಡಿಲ್ಲದೆ ನಿಭಾಯಿಸಬಲ್ಲ ತಂತ್ರಾಂಶವನ್ನೇ ಹುಡುಕಬೇಕು. ಯಾವುದು ಯಾವ ಗುಂಪಿನದು ಎಂಬುದನ್ನು ಮಾಹಿತಿ ತಂತ್ರಜ್ಞಾನ ಶಾಖೆಯೊಂದೇ ನಿರ್ಧರಿಸಲಾಗದು, ಸಲಹೆಗಾರರಂತೂ ಖಂಡಿತ ನಿರ್ಧರಿಸಲಾರರು. ಸಂಸ್ಥೆಯ ಮುಖ್ಯಸ್ಥರೇ ಕುಳಿತು ತೀರ್ಮಾನಿಸಿ, ಬಿಡುವ ರೂಢಿಗಳನ್ನು ಟೆಂಡರಿಗೆ ಮೊದಲೇ ಆದೇಶ ಹೊರಡಿಸಿ ಬಿಡಬೇಕು.

ದರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಂತ್ರಾಂಶ ಬಳಸುವ ಪರವಾನಗಿಯ ಮೊದಲ ವರ್ಷದ ಬೆಲೆಯನ್ನು ಹೋಲಿಸುವುದು ಅರ್ಥಹೀನ. ಅಳವಡಿಕೆ, ಹಳೆಯ ದತ್ತಾಂಶದ ವರ್ಗಾವಣೆ, ತರಬೇತಿ, ವಾರ್ಷಿಕ ಶುಲ್ಕದ ಏರಿಕೆ ಎಲ್ಲ ಸೇರಿ ಹತ್ತು ವರ್ಷಗಳ ಖರ್ಚನ್ನು ಹೋಲಿಸಬೇಕು. ಸಾರಿಗೆ ಸಂಸ್ಥೆಗಳಿಗೆ ಮುಖ್ಯವಾದ ಒಂದು ಅಂಶವೆಂದರೆ ಬಳಕೆದಾರರ ಎಣಿಕೆ. ತಿಂಗಳಿಗೊಮ್ಮೆ ವೇತನ ಚೀಟಿ ನೋಡುವ ಚಾಲಕರಿಗೂ ದಿನವಿಡೀ ಕೆಲಸ ಮಾಡುವ ಲೆಕ್ಕಿಗರಿಗೂ ಒಂದೇ ದರದ ಪರವಾನಗಿ ಎಂದಾದರೆ ಸಾವಿರಾರು ಸಿಬ್ಬಂದಿಯ ಸಂಸ್ಥೆ ಮುಳುಗುತ್ತದೆ, ಇಲ್ಲವೇ ಖರ್ಚು ಉಳಿಸಲು ಮೆಕ್ಯಾನಿಕ್ಕರಿಗೆ ಪ್ರವೇಶವನ್ನೇ ಕೊಡದೆ ಮತ್ತೆ ನೋಟ್‌ಬುಕ್ಕಿಗೆ ಮರಳುತ್ತದೆ.

ಒಪ್ಪಂದಕ್ಕೆ ಸಹಿ ಮಾಡುವ ಮೊದಲು ಬೇರೆ ಸಾರಿಗೆ ಸಂಸ್ಥೆಗಳಿಗೆ ಭೇಟಿ ಕೊಡುವ ಕ್ರಮ ಇದೆ. ಅಲ್ಲಿ ಕಂಪನಿಯವರೇ ಜೊತೆಗಿದ್ದು ಸಭಾಂಗಣದಲ್ಲಿ ಹಿರಿಯ ಅಧಿಕಾರಿಗಳೊಂದಿಗೆ ಮಾತನಾಡಿಸಿ ಕಳುಹಿಸುತ್ತಾರೆ. ಕಂಪನಿಯವರನ್ನು ಹೊರಗಿಟ್ಟು ಆ ಸಂಸ್ಥೆಯ ಉಗ್ರಾಣದ ಕಿಟಕಿಗೆ, ವೇತನ ಶಾಖೆಯ ಗುಮಾಸ್ತರ ಮೇಜಿಗೆ ನೇರವಾಗಿ ಹೋಗಿ, 'ತಂತ್ರಾಂಶ ಬಂದ ಮೇಲೂ ನೀವು ಕೈಯಲ್ಲಿ ಬರೆದಿಡುತ್ತಿರುವುದು ಏನು?' ಎಂದು ಕೇಳಬೇಕೆಂಬುದು ನನ್ನ ಸಲಹೆ. ಒಪ್ಪಂದದಲ್ಲಂತೂ ಬಿಡ್ ಸಲ್ಲಿಸುವಾಗ ತೋರಿಸಿದ ಅನುಭವಿಗಳೇ ಕೆಲಸಕ್ಕೆ ಬರಬೇಕು, ಅವರನ್ನು ಬದಲಿಸಲು ಸಂಸ್ಥೆಯ ಒಪ್ಪಿಗೆ ಬೇಕು ಎಂದಿರಲಿ. ಕನಿಷ್ಠ ಮೂರು ತಿಂಗಳ ವೇತನವನ್ನು ಹಳೆಯ ಮತ್ತು ಹೊಸ ವ್ಯವಸ್ಥೆಗಳಲ್ಲಿ ಒಟ್ಟಿಗೇ ಲೆಕ್ಕ ಹಾಕಿ, ಪ್ರತಿ ನೌಕರರ ಮೊತ್ತ ತಾಳೆಯಾದ ಮೇಲೆಯೇ ಹಳೆಯದನ್ನು ನಿಲ್ಲಿಸಲಿ. ಉದ್ಘಾಟನೆಯ ದಿನಾಂಕ ಗೊತ್ತಾಗಿದೆ ಎಂಬ ಕಾರಣಕ್ಕೆ ಈ ಷರತ್ತನ್ನು ಸಡಿಲಿಸುವ ಅಧಿಕಾರ ಯಾರಿಗೂ ಬೇಡ. ದತ್ತಾಂಶ ಸಂಸ್ಥೆಯ ಸ್ವತ್ತೆಂದು ಬರೆದರಷ್ಟೇ ಸಾಲದು. ಒಪ್ಪಂದ ಮುಗಿದಾಗ ಅದನ್ನು ಯಾವ ರೂಪದಲ್ಲಿ, ಎಷ್ಟು ದಿನದೊಳಗೆ, ಯಾವ ಖರ್ಚಿನಲ್ಲಿ ಮರಳಿಸಬೇಕೆಂಬುದನ್ನೂ ಬರೆಯಬೇಕು, ವರ್ಷಕ್ಕೊಮ್ಮೆ ಹಾಗೆ ಮರಳಿ ಪಡೆದು ತೆರೆದು ನೋಡಬೇಕು.

ಹೊಸ ತಂತ್ರಾಂಶ ಕೊಳ್ಳಲು ಸಿದ್ಧವಾಗುತ್ತಿರುವ ಸಾರಿಗೆ ಸಂಸ್ಥೆಗಳ ಆಡಳಿತ ಮಂಡಳಿಗಳಿಗೆ ನನ್ನ ವಿನಂತಿ ಹೀಗಿದೆ. ಟೆಂಡರ್ ಕರೆಯುವ ಮುನ್ನ ಅಗತ್ಯಗಳ ಪಟ್ಟಿಯ ಕರಡನ್ನು ಎಲ್ಲ ಘಟಕಗಳ ಸೂಚನಾ ಫಲಕಗಳಲ್ಲಿ ಎರಡು ತಿಂಗಳು ಹಾಕಿ, ಚಾಲಕರು, ನಿರ್ವಾಹಕರು, ಮೆಕ್ಯಾನಿಕ್ಕರು ಮತ್ತು ಗುಮಾಸ್ತರು ಬರೆದುಕೊಟ್ಟ ಪ್ರತಿ ಆಕ್ಷೇಪಕ್ಕೂ ಲಿಖಿತ ಉತ್ತರ ಕೊಡಿ. ಮೌಲ್ಯಮಾಪನ ಸಮಿತಿಯಲ್ಲಿ ರಾತ್ರಿ ಪಾಳಿಯ ಉಗ್ರಾಣಪಾಲಕರೊಬ್ಬರಿಗೆ, ವೇತನ ಶಾಖೆಯ ಗುಮಾಸ್ತರೊಬ್ಬರಿಗೆ ಸ್ಥಾನ ಕೊಟ್ಟು, ಅವರ ಅಂಕಗಳಿಗೂ ಅಧಿಕಾರಿಗಳ ಅಂಕಗಳಷ್ಟೇ ತೂಕ ಕೊಡಿ. ಸಮಿತಿಯ ಮೊದಲ ಸಭೆಯನ್ನು ಕೇಂದ್ರ ಕಚೇರಿಯಲ್ಲಿ ಕರೆಯದೆ, ಯಾವುದಾದರೂ ಘಟಕದಲ್ಲಿ, ಮೊದಲ ಬಸ್ಸು ಹೊರಡುವುದಕ್ಕೆ ಒಂದು ಗಂಟೆ ಮೊದಲು ಕರೆಯಿರಿ.

ಇಂತಿ ತಮ್ಮ ವಿಶ್ವಾಸಿ,
ಸಾರ್ವಜನಿಕ ಸಾರಿಗೆ ಸಂಸ್ಥೆಯೊಂದರ ನಿವೃತ್ತ ಉಗ್ರಾಣಾಧಿಕಾರಿ